ಸೂಪರ್‌ವೈಸರ್ ಅವರೇ, ಈ ಫಾರಂ ಎಷ್ಟು ಸಲ ತುಂಬಬೇಕು?

ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಡಿಸ್ಟ್ರಿಕ್ಟ್‌ನ ಸೂಪರ್‌ವೈಸರ್, ಅಂದರೆ ನಗರಸಭೆ ಸದಸ್ಯರು, ಅವರಿಗೆ ನಮಸ್ಕಾರ.

ಇದರ ಇಂಗ್ಲಿಷ್ ಪ್ರತಿ ನಿಮ್ಮ ಆಫೀಸಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರೋದಕ್ಕೆ ಕಾರಣ, ವೀಸಾ ಮೇಲೆ ಇಲ್ಲಿರುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಈ ಊರಲ್ಲಿ ತಮಗೊಂದು ವೋಟಿದೆ ಅಂತಲೇ ಗೊತ್ತಿಲ್ಲ. ಹೇಳಿದರೆ ನಗುತ್ತಾರೆ. ‘ಸುಮ್ನಿರ್ರೀ, ಸಿಟಿಜನ್ ಅಲ್ಲದವರಿಗೆ ಎಂಥ ವೋಟು’ ಅಂತಾರೆ.

ಇದೆ. ಮೇಯರ್ ಆರಿಸೋಕಲ್ಲ, ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡಿಗೆ ಮಾತ್ರ. 2004ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ಬಿದ್ದುಹೋದ ಈ ಯೋಚನೆಯನ್ನು ಊರಿನ ಮತದಾರರು 2016ರಲ್ಲಿ ಪ್ರಾಪೊಸಿಶನ್ ಎನ್ ಅಂತ, ಅಂದರೆ ಜನರೇ ನೇರವಾಗಿ ವೋಟು ಹಾಕಿ ತೀರ್ಮಾನಿಸುವ ಪ್ರಸ್ತಾವವಾಗಿ, ಪಾಸು ಮಾಡಿದರು. 19 ವರ್ಷದೊಳಗಿನ ಮಗು ಇರುವ, ಊರಲ್ಲೇ ವಾಸವಿರುವ ಅಪ್ಪ ಅಮ್ಮ ವೋಟು ಹಾಕಬಹುದು. 2022ರಲ್ಲಿ ಒಂದು ಕೋರ್ಟು ಇದನ್ನು ಹೊಡೆದುಹಾಕಿತ್ತು, 2023ರಲ್ಲಿ ಮೇಲಿನ ಕೋರ್ಟು ಉಳಿಸಿತು. ಆದರೆ 2018ರಲ್ಲಿ ಮೊದಲ ಸಲ ಅವಕಾಶ ಸಿಕ್ಕಾಗ ಬಳಸಿಕೊಂಡವರು ನೂರು ಜನವೂ ಇರಲಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ, ವೋಟಿಗೆ ನಾವು ಹೆಸರು ಸೇರಿಸುವ ಫಾರಂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನೀವು ಕೊಡುವ ಹೆಸರು, ವಿಳಾಸ ಎಲ್ಲ ಐಸ್ ಕೈಗೆ, ಅಂದರೆ ವಲಸೆ ಪೊಲೀಸರ ಕೈಗೆ, ಸಿಗಬಹುದು ಅಂತ ಅದರಲ್ಲೇ ಎಚ್ಚರಿಕೆ ಇದೆ. ರಾತ್ರಿ ಮಗಳು ಮಲಗಿದ ಮೇಲೆ ಊಟದ ಟೇಬಲ್ಲಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ನಮ್ಮನೆಯವರು ಆ ಸಾಲುಗಳನ್ನು ಎರಡು ಸಲ ಓದಿ, ಏನೂ ಮಾತಾಡದೆ ಪೆನ್ನಿಗೆ ಕ್ಯಾಪ್ ಹಾಕಿಬಿಟ್ಟರು. ಆಮೇಲೆ ‘ಎಚ್-1ಬಿ ವೀಸಾ ರಿನ್ಯೂವಲ್ ಮುಗೀಲಿ, ನೋಡೋಣ’ ಅಂದರು. ಅದು ಯಾವತ್ತು ಮುಗಿಯುತ್ತೆ ಹೇಳಿ? ಗ್ರೀನ್ ಕಾರ್ಡ್ ಸಾಲಿನಲ್ಲಿ ನಮ್ಮ ಸರದಿ ಬರೋಷ್ಟರಲ್ಲಿ ಎರಡನೇ ಕ್ಲಾಸಿನ ಹುಡುಗಿ ಕಾಲೇಜು ಮುಗಿಸಿರುತ್ತಾಳೆ.

ಎಚ್ಚರಿಕೆ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಇರೋದನ್ನು ಇದ್ದ ಹಾಗೆ ಹೇಳಿದ್ದಾರೆ, ಒಳ್ಳೆಯದೇ. ನನ್ನ ತಕರಾರು ಬೇರೆ. ಸಿಟಿಜನ್ ಆದವರು ಒಮ್ಮೆ ಹೆಸರು ಸೇರಿಸಿದರೆ ಆಯಿತು, ಬ್ಯಾಲೆಟ್ ಮನೆಗೇ ಬರುತ್ತೆ. ನಮಗೆ ಮಾತ್ರ ಪ್ರತಿ ಚುನಾವಣೆಗೂ ಹೊಸ ಫಾರಂ, ಅದೇ ಎಚ್ಚರಿಕೆ, ಮನೇಲಿ ಅದೇ ಜಗಳ.

ಸ್ಕೂಲ್ ಬೋರ್ಡಿಗೆ ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನ್ನುವವರೂ ಇದ್ದಾರೆ. ಬೋರ್ಡಿನಲ್ಲಿರೋದು ಏಳೇ ಜನ, ನಿಜ. ಆದರೆ ಕೋವಿಡ್‌ನಿಂದ ಶಾಲೆಗಳು ಮುಚ್ಚಿಕೊಂಡಿದ್ದಾಗ, 2021ರ ಜನವರಿಯಲ್ಲಿ, ಇದೇ ಬೋರ್ಡು 44 ಶಾಲೆಗಳ ಹೆಸರು ಬದಲಿಸೋಕೆ ಹೊರಟಿತ್ತು. ಬಾಗಿಲು ತೆಗೆಯೋದು ಬಿಟ್ಟು ಹೆಸರಿನ ಬೋರ್ಡು ಬದಲಿಸೋ ಕೆಲಸ! ಮರುವರ್ಷ ಜನ ವೋಟು ಹಾಕಿ ಬೋರ್ಡಿನ ಮೂವರು ಸದಸ್ಯರನ್ನು ಮನೆಗೆ ಕಳಿಸಿದರು. 2024ರ ಅಕ್ಟೋಬರ್‌ನಲ್ಲಿ ಮುಚ್ಚಬೇಕಾದ, ಇಲ್ಲಾ ಬೇರೆಯದರ ಜೊತೆ ಸೇರಿಸಬೇಕಾದ 13 ಶಾಲೆಗಳ ಪಟ್ಟಿ ಹೊರಬಂತು. ಗಲಾಟೆಯಾಗಿ ನಿಂತಿತು, ಶಾಲೆಗಳ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟ್ ರಾಜೀನಾಮೆ ಕೊಟ್ಟು ಹೋದರು. ಮಕ್ಕಳ ಸಂಖ್ಯೆ ಇಳಿಯುತ್ತಿದೆ, ದುಡ್ಡಿಲ್ಲ. ಆ ಪಟ್ಟಿ ಇನ್ನೊಂದು ದಿನ ಬಂದೇ ಬರುತ್ತೆ. ಆವತ್ತು ಯಾವ ಶಾಲೆ ಉಳಿಯಬೇಕು ಅಂತ ಕೈ ಎತ್ತುವವರನ್ನು ಆರಿಸುವಾಗ, ಬೆಳಗ್ಗೆ ಎದ್ದು ಮಗಳ ಡಬ್ಬಿ ಕಟ್ಟುವ ನಾನು ಸುಮ್ನೆ ಕೂತಿರಬೇಕಾ?

ಪ್ರಾಪೊಸಿಶನ್ ಎನ್ ಜಾರಿಗೆ ನಿಯಮ ಮಾಡೋದು ನಿಮ್ಮ 11 ಜನ ಸೂಪರ್‌ವೈಸರ್‌ಗಳ ಕೈಯಲ್ಲೇ ಇದೆ. ಫಾರಂನಲ್ಲಿ ಎರಡು ಚೌಕ ಹಾಕಿಸಿ ಸಾಕು: ‘ಈ ಚುನಾವಣೆಗೆ ಮಾತ್ರ’, ‘ಮಗುವಿಗೆ 19 ತುಂಬುವವರೆಗೆ’. ಹೆಸರು ಜಾಸ್ತಿ ದಿನ ಪಟ್ಟಿಯಲ್ಲಿದ್ದರೆ ಅಪಾಯ ಅನ್ನುವವರು ಮೊದಲನೆಯದಕ್ಕೆ ಗುರುತು ಹಾಕಲಿ, ಅವರ ಭಯ ಸುಳ್ಳಲ್ಲ. ನಾನು ಎರಡನೆಯದಕ್ಕೆ ಹಾಕುತ್ತೇನೆ. ಹೆದರೋದನ್ನು ಒಂದೇ ಸಲಕ್ಕೆ ಹೆದರಿ ಮುಗಿಸಿಬಿಡಬಹುದು, ಅಲ್ವಾ?

ಮುಂದಿನ ಚುನಾವಣೆಯೊಳಗೆ ಇದು ಆಗಲ್ಲ ಅನ್ನೋದಾದರೆ, ಯಾಕೆ ಆಗಲ್ಲ ಅಂತಾದರೂ ಎರಡು ಸಾಲು ಬರೆಯಿರಿ.

ಇಂತಿ,
ಎರಡನೇ ಕ್ಲಾಸಿನ ಹುಡುಗಿಯ ಅಮ್ಮ

ನಮ್ಮವರಿಗೆ ಒಂದು ಮಾತು: ವೋಟು ಹಾಕೋ ಉತ್ಸಾಹದಲ್ಲಿ ಸಿಟಿಜನ್‌ಗಳ ಮಾಮೂಲಿ ಫಾರಂ ತುಂಬಿಬಿಟ್ಟೀರಿ, ವೀಸಾಕ್ಕೇ ಸಂಚಕಾರ. ನಮ್ಮದು ಬೇರೆ ಫಾರಂ, ಕೇಳಿ ತಗೊಳ್ಳಿ.