ಚಟ ಬಿಟ್ಟರೆ ಹೊಡೆಯುವುದೂ ನಿಲ್ಲುತ್ತದಾ?

ಗೆಳೆಯಾ,

"ಅವರು ಒಳ್ಳೆಯವರೇ, ಆ ಹಾಳು ಡ್ರಗ್ಸ್ ಬಿಟ್ಟರೆ ಎಲ್ಲ ಸರಿಹೋಗುತ್ತೆ" ಅಂತ ನಿನ್ನ ತಂಗಿ ತನ್ನನ್ನು ಹೊಡೆಯುವ ಗಂಡನ ಬಗ್ಗೆ ಹೇಳುತ್ತಾಳೆ ಅಂದೆಯಲ್ಲ, ಆ ಮಾತು ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ನಶೆಗೂ ಹೊಡೆತಕ್ಕೂ ನಂಟಿದೆ, ನಿಜ. ಕೊಕೇನ್, ಮೆಥ್‌ನಂಥ ಉತ್ತೇಜಕ ಡ್ರಗ್ಸ್ ಜಾಸ್ತಿಯಾದರೆ ಅನುಮಾನ ತಲೆಗೇರುತ್ತದೆ. ನಿದ್ದೆಗೆಟ್ಟವನಿಗೆ ಹೆಂಡತಿ ಫೋನ್ ಎತ್ತಿದರೂ ಏನೋ ಸಂಚು ಅನಿಸುತ್ತದೆ. ಹೆರಾಯಿನ್ ಸಿಗದ ದಿನ ಮೈಕೈ ನೋವು, ವಾಂತಿ, ತಡೆಯಲಾಗದ ಸಿಡುಕು. ದುಡ್ಡು ಮುಗಿದರೆ ಅವಳ ಸಂಬಳದ ಮೇಲೆ ಕಣ್ಣು.

ಆದರೆ ನಶೆ ಮಾಡುವವರೆಲ್ಲ ಹೊಡೆಯುವುದಿಲ್ಲ, ಏನೂ ಮುಟ್ಟದವರೂ ಹೊಡೆಯುತ್ತಾರೆ. ಇವನನ್ನೇ ನೋಡು, ಅದೇ ಅಮಲಿನಲ್ಲಿ ಮೇಲಧಿಕಾರಿಯ ಮೇಲೆ ಕೈ ಎತ್ತಿದ್ದಾನಾ? ಗೆಳೆಯರ ಮೇಲೆ? ಬಾಗಿಲು ಹಾಕಿಕೊಂಡ ಮೇಲೆ, ಅವಳ ಮೇಲೆ ಮಾತ್ರ. ಅವಳು ಯಾರ ಜೊತೆ ಮಾತಾಡಿದಳು, ಎಷ್ಟು ಖರ್ಚು ಮಾಡಿದಳು ಅಂತ ಮದುವೆಯಾದ ಹೊಸದರಲ್ಲೇ ಲೆಕ್ಕ ಕೇಳುತ್ತಿದ್ದ, ನೀನೇ ಹೇಳಿದ್ದೆ. ಆಗ ಯಾವ ನಶೆ ಇತ್ತು?

ವ್ಯಸನ ಕಾಯಿಲೆ, ಅದಕ್ಕೆ ಚಿಕಿತ್ಸೆ ಕೊಡಿಸಲಿ. ಹೊಡೆಯುವುದನ್ನು ಬಿಡಿಸುವುದು ಬೇರೆಯದೇ ಕೆಲಸ. ಚಟ ಬಿಟ್ಟ ಮೊದಲ ವಾರಗಳಲ್ಲಿ ಸಿಡುಕು ಹೆಚ್ಚೇ ಇರುತ್ತದೆ, ಮತ್ತೆ ಜಾರುವವರೂ ಬಹಳ, ಆಗ "ನೀನು ಜಗಳ ಆಡಿದ್ದಕ್ಕೇ ತಗೊಂಡೆ" ಅನ್ನುತ್ತಾರೆ, ಇವಳು ಅದನ್ನೂ ನಂಬಿಬಿಡುತ್ತಾಳೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೌನ್ಸೆಲಿಂಗ್ ಮಾಡಿಸೋಣ ಅಂತ ಮನೆಯವರು ಅಂದರೆ ಈಗ ಬೇಡ ಅನ್ನು. ಅಲ್ಲಿ ಬಾಯಿಬಿಟ್ಟ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು.

ಅವಳು ನಿದ್ದೆ ಮಾತ್ರೆ ನುಂಗುತ್ತಾಳೆ ಅಂತ ಬೈಯಬೇಡ. ಏಟು ತಿನ್ನುವ ಎಷ್ಟೋ ಹೆಂಗಸರು ಭಯ ಮರೆಯಲು ಹೀಗೇ ಶುರು ಮಾಡುತ್ತಾರೆ, ಆಮೇಲೆ ಗಂಡ ಅದನ್ನೇ ಹಿಡಿದು "ನಿನ್ನನ್ನು ಯಾರು ನಂಬ್ತಾರೆ" ಅಂತ ಬಾಯಿ ಮುಚ್ಚಿಸುತ್ತಾನೆ. ದಿನಾ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಬೇಡ. ಕೆಲವು ಮಾತ್ರೆಗಳನ್ನು ಹಾಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವೈದ್ಯರೇ ನಿಧಾನಕ್ಕೆ ಇಳಿಸಬೇಕು.

ಒಂದು ವಿಷಯ ಮಾತ್ರ ನಾಳೆಗೆ ಇಡಬೇಡ. ಅವನು ಎಂದಾದರೂ ಅವಳ ಕತ್ತು ಹಿಸುಕಿದ್ದಾನಾ ಕೇಳು. ಹಿಸುಕಿದ್ದರೆ, ಹೊರಗೆ ಗಾಯ ಕಾಣದಿದ್ದರೂ, ಮುಂದೆ ಜೀವಕ್ಕೇ ಕುತ್ತು ಬರುವ ಅಪಾಯ ಹಲವು ಪಟ್ಟು ಜಾಸ್ತಿ. ಬಿಟ್ಟು ಬರುವ ಹೊತ್ತೂ ಅಷ್ಟೇ ಅಪಾಯದ್ದು, ಆದ್ದರಿಂದ ಹೊರಡುತ್ತೇನೆ ಅಂತ ಅವನಿಗೆ ಮುಂಚೆ ಹೇಳುವುದು ಬೇಡ, ಕಾಗದಪತ್ರ, ಸ್ವಲ್ಪ ದುಡ್ಡು ನಿನ್ನ ಹತ್ತಿರ ಇಟ್ಟಿರಲಿ. ಇದನ್ನೆಲ್ಲ ಅವನಿಲ್ಲದಾಗ ಎದುರಿಗೇ ಕೂತು ಮಾತಾಡು. ಮೆಸೇಜ್ ಹಾಕಬೇಡ, ಅವಳ ಫೋನ್ ಅವನು ನೋಡುತ್ತಾನೆ.