ದಾಖಲೆಗಳು ತವರು ನೆಲಕ್ಕೆ ಮರಳಲಿ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಉತ್ತರದಂಚಿನ ಆರ್ನೆಮ್ ಲ್ಯಾಂಡ್‌ನ ಮೂಲನಿವಾಸಿಗಳಿಂದ ಸಂಶೋಧಕರು ದಶಕಗಳ ಕಾಲ ಸಂಗ್ರಹಿಸಿದ ಹಾಡು, ಛಾಯಾಚಿತ್ರ ಮತ್ತು ಟಿಪ್ಪಣಿಗಳಲ್ಲಿ ಬಹಳಷ್ಟು ಇಂದಿಗೂ ದೂರದ ಕ್ಯಾನ್‌ಬೆರಾ, ಮೆಲ್ಬರ್ನ್ ನಗರಗಳಲ್ಲಿವೆ. ಅಲ್ಲಿನ ಸಂಸ್ಥೆಗಳು ಅವನ್ನು ಜತನದಿಂದ ಕಾಪಾಡಿವೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ತನ್ನ ಅಜ್ಜನ ದನಿಯನ್ನು ಕೇಳಲು ಮೊಮ್ಮಗಳು ದೂರದ ಊರಿಗೆ ಅರ್ಜಿ ಹಾಕಬೇಕಾಗುವುದು ನ್ಯಾಯವಲ್ಲ.

1948ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳ ಜಂಟಿ ತಂಡವು ಗುನ್‌ಬಲಾನ್ಯಾ ಎಂಬ ಅಲ್ಲಿನ ಊರಿನ ಸಮೀಪದಿಂದ ಪೂರ್ವಜರ ಅಸ್ಥಿಗಳನ್ನೇ ಹೊತ್ತೊಯ್ದಿತ್ತು. ಅವು ವಾಷಿಂಗ್ಟನ್‌ನಿಂದ ಮರಳಿ, ಮರದ ತೊಗಟೆಯಲ್ಲಿ ಸುತ್ತಿಸಿಕೊಂಡು ತಮ್ಮ ಮಣ್ಣು ಸೇರಿದ್ದು 2011ರಲ್ಲಿ. ತಮ್ಮ ನೆಲವನ್ನು ಬಾಕ್ಸೈಟ್ ಗಣಿಗಾರಿಕೆಗೆ ಕೊಟ್ಟದ್ದನ್ನು ಪ್ರತಿಭಟಿಸಿ ಅದೇ ಪ್ರದೇಶದ ಯಿರ್ಕಲಾ ಎಂಬ ಊರಿನ ಯೋಲ್ಙು ಮೂಲನಿವಾಸಿಗಳು 1963ರಲ್ಲಿ ಚಿತ್ರಿತ ತೊಗಟೆಗೆ ಅಂಟಿಸಿ ಸಿದ್ಧಪಡಿಸಿದ ಮನವಿಗಳಲ್ಲಿ ನಾಲ್ಕನೆಯದು ಊರಿಗೆ ಬರಲು 60 ವರ್ಷ ಹಿಡಿಯಿತು.

ಯಿರ್ಕಲಾದಲ್ಲಿಯೇ ಮುಲ್ಕಾ ಎಂಬ ದಾಖಲೆ ಕೇಂದ್ರವನ್ನು ಯೋಲ್ಙು ಜನರು ನಡೆಸುತ್ತಿದ್ದಾರೆ ಎಂಬುದು ನನಗೆ ಅತ್ಯಂತ ಸಂತಸದ ಸಂಗತಿ. ಮೃತರ ಚಿತ್ರವನ್ನು ಯಾವಾಗ ತೋರಿಸಬಹುದು, ಯಾವ ವಿಧಿಯ ದೃಶ್ಯವನ್ನು ಯಾರು ನೋಡಬಹುದು ಎಂಬ ನಿಯಮಗಳನ್ನು ಕುಟುಂಬದವರೂ ಹಿರಿಯರೂ ಬಲ್ಲರೇ ಹೊರತು ದೂರದ ಸೂಚಿಪಟ್ಟಿಯಲ್ಲ. ಆದ್ದರಿಂದ ಪ್ರತಿಗಳನ್ನಷ್ಟೇ ಕಳುಹಿಸಿ ಕೈತೊಳೆದುಕೊಳ್ಳದೆ, ಅವುಗಳ ಮೇಲಿನ ತೀರ್ಮಾನದ ಹಕ್ಕನ್ನೂ ಆ ಸಮುದಾಯಗಳಿಗೆ ಒಪ್ಪಿಸಬೇಕು. ಸ್ಥಳೀಯ ಕೇಂದ್ರಗಳ ಸಿಬ್ಬಂದಿಗೆ ಆಸ್ಟ್ರೇಲಿಯಾ ಸರ್ಕಾರವು ನಿರಂತರ ಅನುದಾನ ನೀಡಬೇಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ