ಕ್ಯಾಂಪಿಗೆ ಫೋನ್ ಬೇಡ, ದೊಡ್ಡವರದ್ದೂ

ಆತ್ಮೀಯರೇ,

ಇಲ್ಲಿ ಆಸ್ಟ್ರೇಲಿಯಾದ ನಮ್ಮ ಸಂಘದ ಮಕ್ಕಳ ಕ್ಯಾಂಪಿನಲ್ಲಿ ಈ ವರ್ಷ ಫೋನ್ ಇರಬಾರದು ಅಂತ ಕಮಿಟಿಯಲ್ಲಿ ಮಾತು ಬಂತು. ಮಕ್ಕಳ ಫೋನಿನ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಜೊತೆಗೆ ಬರುವ ದೊಡ್ಡವರೂ ಕೊಡಬೇಕು ಅಂದಾಗ ನೋಡಿ, ಗಲಾಟೆ ಶುರುವಾಯಿತು. ನಾನಂತೂ ಕೊಡಬೇಕು ಅನ್ನುವವರ ಕಡೆ.

ಮೇ ರಜೆಯಲ್ಲಿ ನಮ್ಮ ಬಳ್ಳಾರಿ ಕಡೆ ಚರ್ಚಿನವರು ಯೂತ್ ಕ್ಯಾಂಪ್ ಮಾಡುತ್ತಾರೆ. ನೆತ್ತಿ ಸುಡುವ ಬಿಸಿಲು, ಖಾಲಿ ಬಿದ್ದ ಸ್ಕೂಲ್ ಕಟ್ಟಡ, ಬೆಳಗ್ಗೆ ಒಗ್ಗರಣೆ-ಮಿರ್ಚಿ, ರಾತ್ರಿ ಹುಡುಗರಿಗೆ ಮಾಳಿಗೆ ಮೇಲೆ ಚಾಪೆ, ಹುಡುಗಿಯರಿಗೆ ಒಳಗಿನ ಹಾಲ್. ಈ ಸಲ ನನ್ನ ಅಕ್ಕನ ಮಗಳು ಹೋದ ಕ್ಯಾಂಪಿನಲ್ಲಿ ಗೇಟಿನಲ್ಲೇ ಫೋನ್ ಇಸಿದುಕೊಂಡರು. ಒಂದೊಂದಕ್ಕೂ ಬಿಳಿ ಟೇಪ್ ಅಂಟಿಸಿ, ಹೆಸರು ಬರೆದು, ಕಬ್ಬಿಣದ ಟ್ರಂಕಿಗೆ ಹಾಕಿ ಬೀಗ ಜಡಿದರು. ಬೀಗದ ಕೈ ಅಮ್ಮನವರ, ಅಂದರೆ ಪಾದ್ರಿಯ ಹೆಂಡತಿಯ, ಸೆರಗಿನ ತುದಿಯಲ್ಲಿ. ಎಲ್ಲರಿಗಿಂತ ಮೊದಲು ಫೋನ್ ಹಾಕಿದವರು ಪಾದ್ರಿ ಅಯ್ಯನವರೇ. ಆದರೆ ಸ್ವಿಚ್ ಆಫ್ ಮಾಡಿಸುವುದು ಯಾರಿಗೂ ಹೊಳೆದಿರಲಿಲ್ಲ. ಮರುದಿನ ಐದು ಗಂಟೆಗೆ ಟ್ರಂಕಿನೊಳಗಿಂದ ಒಂದರ ಹಿಂದೆ ಒಂದು ಅಲಾರಾಂ, ಅಮ್ಮನವರು ನೋಡಿದರೆ ಸ್ನಾನಕ್ಕೆ ಹೋಗಿದ್ದಾರೆ, ಹುಡುಗಿಯರೆಲ್ಲ ಎದ್ದು ಕೂತು ಬಿದ್ದು ಬಿದ್ದು ನಗುತ್ತಿದ್ದಾರೆ. ಅಲ್ಲಿವರೆಗೆ ಒಬ್ಬರಿಗೊಬ್ಬರು ಮಾತೇ ಆಡಿರಲಿಲ್ಲವಂತೆ.

ಪೇಚಾಟ ಬಂದದ್ದು ಬೈಬಲ್ ಓದುವಾಗ. ಎಷ್ಟೋ ಜನರ ಸತ್ಯವೇದ ಇದ್ದದ್ದೇ ಫೋನಿನಲ್ಲಿ. ಹಾಡಿನ ಸಾಲುಗಳೂ ಅಲ್ಲೇ. ಚರ್ಚಿನ ಬೀರುವಿನಿಂದ ಹಳೇ ಪ್ರತಿಗಳನ್ನು ತಂದು ಹಂಚಿದರೆ, ಬೈಬಲಿನೊಳಗೆ ಹಬಕ್ಕೂಕ ಅನ್ನುವ ಭಾಗ ಮುಂದಿದೆಯೋ ಹಿಂದಿದೆಯೋ ಮಕ್ಕಳಿಗೆ ಗೊತ್ತಿಲ್ಲ. ಹುಡುಕುತ್ತಾ ಹೋಗಿ ಇನ್ನೆಲ್ಲೋ ಸಿಕ್ಕಿಕೊಂಡು ಅಲ್ಲೇ ಓದುತ್ತಾ ಕೂತವರೂ ಇದ್ದರಂತೆ, ಸರ್ಚ್ ಮಾಡಿದ್ದರೆ ಆ ಪುಟ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಅಲ್ವಾ? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತರಲು ಕೂತದ್ದು ಇದೇ ಬಳ್ಳಾರಿಯಲ್ಲಿ. ಪೂರ್ತಿ ಅಚ್ಚಾಗುವ ಹೊತ್ತಿಗೆ 1831. ಅಂಥ ಊರಿನ ಮಕ್ಕಳಿಗೆ ಈಗ ಪುಸ್ತಕ ಬೀರುವಿನಿಂದ ತೆಗೆದುಕೊಡಬೇಕಾಯಿತು.

ಮಗಳಿಗಿಂತ ಚಡಪಡಿಸಿದ್ದು ನಮ್ಮಕ್ಕ. ತುರ್ತಿಗೆ ಇರಲಿ ಅಂತ ಕ್ಯಾಂಪಿನವರು ಒಂದು ಕೀಪ್ಯಾಡ್ ಫೋನ್ ಇಟ್ಟುಕೊಂಡಿದ್ದರು. ಊಟ ಮಾಡಿದಳಾ, ನಿದ್ದೆ ಬಂತಾ ಅಂತ ಅದಕ್ಕೆ ಮೇಲಿಂದ ಮೇಲೆ ಫೋನ್ ಮಾಡಿ ಮಾಡಿ ಕೊನೆಗೆ ಅಲ್ಲಿನವರೇ, "ಅಕ್ಕಾರೆ, ಮಗಳು ಆರಾಮ್ ಅದಾಳ, ನೀವೂ ಆರಾಮ್ ಇರ್ರಿ" ಅಂದರಂತೆ.

ಇದು ಬರೀ ಚರ್ಚಿನವರ ಶಿಸ್ತು ಅಂದುಕೊಳ್ಳಬೇಡಿ. 2014ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಆರನೇ ತರಗತಿ ಮಕ್ಕಳನ್ನು 5 ದಿನ ಯಾವ ಸ್ಕ್ರೀನೂ ಇಲ್ಲದ ಹೊರಾಂಗಣ ಕ್ಯಾಂಪಿನಲ್ಲಿ ಬಿಟ್ಟು ನೋಡಿದರು. ಎಂದಿನಂತೆ ಸ್ಕ್ರೀನ್ ನೋಡುತ್ತಿದ್ದ ಮಕ್ಕಳಿಗಿಂತ ಇವರು ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದರಲ್ಲಿ ಜಾಸ್ತಿ ಸುಧಾರಿಸಿದ್ದರು. ಅದು ಚಿಕ್ಕ ಅಧ್ಯಯನ, ನಿಜ. ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 2022ರಿಂದ ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಒಂದೂವರೆ ಗಂಟೆ ಟಿವಿ, ಫೋನ್ ಬಂದ್. ಅಲ್ಲೂ ದೊಡ್ಡವರಿಗೆ ವಿನಾಯಿತಿ ಇಲ್ಲ.

ಇಲ್ಲಿ ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ಬಂದ್. ಆದರೆ ವಾಟ್ಸಾಪ್ ಅದರಲ್ಲಿ ಸೇರಿಲ್ಲ, ಮತ್ತು ನಮ್ಮ ಮಕ್ಕಳಿಗೆ ರಾಯಚೂರಿನ ಅಜ್ಜಿ ಸಿಗುವುದೇ ಅದರಲ್ಲಿ. ಹಾಗಾಗಿ ಫೋನನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಕಡಲಾಚೆ ಇರುವ ನಮಗೆ ಅದೇ ಊರಿನ ಬಾಗಿಲು. ನಾನು ಕೇಳುತ್ತಿರುವುದು ಶನಿವಾರ, ಭಾನುವಾರ ಎರಡು ದಿನ ಮಾತ್ರ. ಅಮ್ಮ-ಅಪ್ಪ ಮೂಲೆಯಲ್ಲಿ ನಿಂತು ಫೋನ್ ಉಜ್ಜುತ್ತಿದ್ದರೆ ಮಕ್ಕಳಿಗೆ ಯಾವ ಬಾಯಿಂದ ಹೇಳುವುದು?

ಅಜ್ಜಿಯರಿಗೆ ಮೊದಲೇ ಹೇಳಿಬಿಡಿ, ಆ ಭಾನುವಾರ ಕಾಯುತ್ತಾ ಕೂರುವುದು ಬೇಡ. ತುರ್ತಿಗೆ ಒಂದು ನಂಬರ್ ಕಮಿಟಿ ಹತ್ತಿರ ಇರುತ್ತದೆ. ಔಷಧಿ, ಸಕ್ಕರೆ ಕಾಯಿಲೆಯ ಆ್ಯಪ್ ಬೇಕಾದವರು ಇಟ್ಟುಕೊಳ್ಳಬಹುದು, ಅದರಲ್ಲಿ ಚೌಕಾಸಿ ಇಲ್ಲ. ಫೋಟೊಗೆ ಒಂದೇ ಕ್ಯಾಮೆರಾ, ಚಿತ್ರಗಳು ಮುಂದಿನ ಸಂಚಿಕೆಯಲ್ಲಿ. ಬೇಡ ಅನ್ನುವವರು ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ. ಮತ್ತೆ, ಟ್ರಂಕಿಗೆ ಹಾಕುವ ಮುಂಚೆ ಅಲಾರಾಂ ತೆಗೆದಿಡಿ.